ಚಿತೆಯಿಂದ ಎದ್ದು ಬಂದ ಉಸ್ತಾದ

ನಾನು ಓದಿದ ಮೊದಲ ವಿದೇಶಿ ಸಾಹಿತ್ಯಕ್ಕೆ ಮಿರ್ಚಿಯ ಎಣ್ಣೆ ಹತ್ತಿತ್ತು. ಎಂಬತ್ತರ ದಶಕದ ನಡುವೆ ಸಿಂಧನೂರಿನ ನಮ್ಮ ಓಣಿಯ ಮೂಲೆಯಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ಮಾರುವ ಅಂಗಡಿಯಿತ್ತು. ಕಟ್ಟಿಕೊಡಲು ಅಂಗಡಿಯವನು ಹೈದರಾಬಾದಿನಿಂದ ರದ್ದಿ ಕಾಗದದ ಗಂಟು ತರಿಸುತ್ತಿದ್ದ. ಒಂದು ವರ್ಷ ಬಂದ ಗಂಟುಗಳಲ್ಲಿ ಇಟ್ಟಿಗೆ ದಪ್ಪದ ಚಿತ್ರಕಥೆಯ ಪುಸ್ತಕಗಳಿದ್ದವು. ರಟ್ಟು ಹರಿದಿತ್ತು, ಕಾಗದ ಒರಟಾಗಿತ್ತು, ಅಕ್ಷರ ಯಾರಿಗೂ ಗೊತ್ತಾಗಲಿಲ್ಲ. ರೇಡಿಯೊ ರಿಪೇರಿಯವನು ಹಳೆಯ ಟೇಪ್ ರೆಕಾರ್ಡರಿನ ಡಬ್ಬಿಯ ಮೇಲಿನ ಅಕ್ಷರಕ್ಕೆ ಹೋಲಿಸಿ ನೋಡಿ ಇದು ಜಪಾನಿ ಎಂದ. ಸಂಶೋಧನೆ ಅಲ್ಲಿಗೆ ಮುಗಿಯಿತು.

ಪುಸ್ತಕದಿಂದ ಪುಸ್ತಕಕ್ಕೆ ಮುಂದುವರಿಯುವ ಒಂದು ಕಥೆಯಲ್ಲಿ ಕುಸ್ತಿ ಹಿಡಿಯುವ ಹುಡುಗನೊಬ್ಬನಿದ್ದ. ಅವನಿದ್ದ ಭಾಗಗಳನ್ನೆಲ್ಲ ಅಂಗಡಿಯವನನ್ನು ಕಾಡಿ ಬೇಡಿ ಕಿತ್ತು ಇಸಿದುಕೊಂಡೆ. ಒಟ್ಟು ಐದು ಕಂತು ಸಿಕ್ಕವು. ಹಾಳೆಗಳು ಅಂಟಿದ ಬೆನ್ನನ್ನು ಎಡಕ್ಕಿಟ್ಟು, ಶಾಲೆಯ ಪುಸ್ತಕ ಓದುವಂತೆ ಎಡದಿಂದ ಓದಿದೆ. ಮಾತು ತಿಳಿಯದ್ದರಿಂದ ಅನುವಾದವೂ ನನ್ನದೇ. ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಓಣಿಯ ಮಕ್ಕಳನ್ನೆಲ್ಲ ಕೂರಿಸಿಕೊಂಡು ಹೇಳುತ್ತಿದ್ದೆ.

ಮೊದಲ ಪುಟದಲ್ಲೇ ಹುಡುಗ ಗೆದ್ದು ಬಹುಮಾನದ ಬಟ್ಟಲು ಎತ್ತಿ ಹಿಡಿದಿದ್ದಾನೆ. ಅದನ್ನು ವಾಪಸು ಕೊಟ್ಟುಬಿಡುತ್ತಾನೆ. ನೆಲಕ್ಕೆ ಬಿದ್ದ ದೈತ್ಯನನ್ನು ಎತ್ತಿ ನಿಲ್ಲಿಸುತ್ತಾನೆ. ಆಮೇಲೆ ಒಂದು ಚಿತೆ ಉರಿಯುತ್ತದೆ, ಅದರಿಂದ ಒಕ್ಕಣ್ಣಿನ ಉಸ್ತಾದ ಎದ್ದು ಬಂದು, ಚಾಪೆಯ ಮೇಲೆ ಮಲಗಿ ನಾಲ್ಕು ದಿನ ಕೆಮ್ಮಿ, ಗಟ್ಟಿಯಾಗುತ್ತಾನೆ. ಹುಡುಗ ಮಾತ್ರ ಪುಟದಿಂದ ಪುಟಕ್ಕೆ ಸಣಕಲಾಗುತ್ತಾನೆ. ಕೊನೆಗೆ ಗಂಟು ಹೊತ್ತು ಮನೆಗೆ ಬರುತ್ತಾನೆ, ಬಾಗಿಲಲ್ಲಿ ನಿಂತ ತಾಯಿ ಕೈ ಎತ್ತಿ ಬಾ ಎನ್ನುತ್ತಾಳೆ. ಅವನ ಬೆನ್ನು ತಾಯಿಯ ಕಡೆಗಿದೆಯಲ್ಲ ಎಂದು ಒಬ್ಬಳು ಕೇಳಿದಳು. ಜಪಾನಿನಲ್ಲಿ ತಾಯಿಗೆ ಮುಖ ತೋರಿಸಬಾರದು, ಅದು ಮರ್ಯಾದೆ ಎಂದೆ. ಪುಟದ ಅಂಕಿಗಳು ಮುನ್ನೂರರಿಂದ ಇಳಿಯುತ್ತಾ ಬರುತ್ತಿದ್ದವು. ಓದುವುದು ಇನ್ನೆಷ್ಟು ಉಳಿದಿದೆ ಎಂದು ಅವರು ಹಾಗೆ ಬರೆಯುತ್ತಾರೆ ಎಂದು ಅದಕ್ಕೂ ಹೇಳಿದೆ. ಹನ್ನೊಂದು ವರ್ಷದವಳಿಗೆ ಉತ್ತರ ಸಿಗದ ಪ್ರಶ್ನೆಯೇ ಇರಲಿಲ್ಲ.

ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ನಿಜಾಮನ ಕಾಲದಲ್ಲಿ ಮಸ್ಕಿಯ ಗಿರ್ದಾವರರ ಕಂದಾಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಕಲಿತದ್ದೆಲ್ಲ ಉರ್ದುವಿನಲ್ಲಿ. ಆಡುವುದು ಕನ್ನಡ, ಓದಲು ಮಾತ್ರ ಬಾರದು. ನಿಜಾಮ ಹೋದ, ಜೊತೆಗೆ ಅವರ ಓದನ್ನೂ ಒಯ್ದ. ಬಸ್ಸಿನ ಬೋರ್ಡು ಓದಲು ನನ್ನನ್ನು ಕೇಳುತ್ತಿದ್ದರು. ಮನೆಯಲ್ಲಿ ಅವರನ್ನು ಅಕ್ಷರ ಬಾರದವರ ಸಾಲಿನಲ್ಲಿಟ್ಟಿದ್ದೆವು. ಅದು ಅವರಿಗೆ ಗೊತ್ತಿತ್ತು, ಚುಚ್ಚುತ್ತಲೂ ಇತ್ತು.

ಒಂದು ಸಂಜೆ ಕಥೆಯ ನಡುವೆ ಅವರು ನನ್ನ ಕೈಯಿಂದ ಕಂತನ್ನು ತೆಗೆದುಕೊಂಡು, ಬೆನ್ನನ್ನು ಬಲಕ್ಕೆ ತಿರುಗಿಸಿ, ನಿಧಾನವಾಗಿ ಹಾಳೆ ಮಗುಚಿದರು.

"ಯವ್ವಾ, ನೀ ಗಲತ್ ಓದಾಕತ್ತಿ. ಕಿತಾಬಿನ ಬಾಗಲಾ ಈ ಕಡಿಗೈತಿ. ನೋಡಿಲ್ಲೆ, ಹುಡುಗ ಮನಿ ಬಿಟ್ಟು ಹೊಂಟಾನ. ಮುದುಕ ಆಮ್ಯಾಲ ಸಾಯ್ತಾನ."

"ಮುತ್ಯಾ, ನಿನಗ ಬಸ್ಸಿನ ಬೋರ್ಡ ಓದಾಕ ಬರಲ್ಲ, ಜಪಾನಿ ಓದ್ತೀಯೇನು?" ಎಂದೆ.

ಕಟ್ಟೆಯೆಲ್ಲ ನಕ್ಕಿತು. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಅವ್ವ ಸೆರಗು ಬಾಯಿಗಿಟ್ಟುಕೊಂಡು ಎಲ್ಲರಿಗಿಂತ ಹೆಚ್ಚು ನಕ್ಕಳು.

"ಬಿಡ್ರಿ ಮಾವಾರ, ಹುಡುಗ್ರ ಆಟದಾಗ ನೀವ್ಯಾಕ. ನಿಮಗ ಎಲ್ಲಾ ಉರ್ದುನ ಕಾಣತೈತಿ."

ಮುತ್ಯಾ ಪುಸ್ತಕವನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದರು. ಈ ಭಾಗವನ್ನು ನಾನು ಎರಡು ಸಲ ಬರೆದಿದ್ದೇನೆ. ಮೊದಲ ಸಲ ಅವರ ಕಣ್ಣು ತೇವವಾಗಿತ್ತು. ಅದು ಸುಳ್ಳು; ನಾನು ಅವರ ಕಣ್ಣನ್ನು ನೋಡಿರಲೇ ಇಲ್ಲ. ಅಂದಿನಿಂದ ಅವರು ಯಾವ ಕಾಗದವನ್ನೂ ಮುಟ್ಟಲಿಲ್ಲ ಎಂದು ಬರೆದರೂ ಚೆಂದವೇ. ಮುಟ್ಟಿದರೋ ಬಿಟ್ಟರೋ, ಉಸ್ತಾದನನ್ನು ಚಿತೆಯಿಂದ ಎಬ್ಬಿಸುವ ಗಡಿಬಿಡಿಯಲ್ಲಿ ನಾನು ಗಮನಿಸಲಿಲ್ಲ.

ತೊಂಬತ್ತರ ದಶಕದ ಕೊನೆಗೆ ನಾನು ಲಿಂಗಸುಗೂರಿನಲ್ಲಿ ಶಾಲೆಯ ಟೀಚರು. ಒಂದು ಮಧ್ಯಾಹ್ನ ಅಲ್ಲಿನ ಲೈಬ್ರರಿಯಲ್ಲಿ, ಪತ್ರಿಕೆಯ ಪುರವಣಿಯ ಮೂಲೆಯೊಂದರಲ್ಲಿ, ಜಪಾನಿನ ಚಿತ್ರಕಥೆಗಳನ್ನು ಬಲದಿಂದ ಎಡಕ್ಕೆ ಓದುತ್ತಾರೆ ಎಂಬ ನಾಲ್ಕು ಸಾಲು ಕಂಡವು. ಶನಿವಾರ ಶಾಲೆ ಬಿಟ್ಟೊಡನೆ ಸಿಂಧನೂರಿನ ಬಸ್ಸು ಹತ್ತಿದೆ. ಮಸ್ಕಿ ದಾಟುವವರೆಗೂ ಮುತ್ಯಾನ ಮುಂದೆ ಆಡಬೇಕಾದ ಮಾತುಗಳನ್ನು ತಿದ್ದುತ್ತಿದ್ದೆ. ಪ್ರತಿ ಸಲವೂ ನಾನು ಇನ್ನಷ್ಟು ದೊಡ್ಡ ಮನಸ್ಸಿನವಳಾಗಿ ಕಾಣುತ್ತಿದ್ದೆ.

ಮನೆಗೆ ಬಂದು, ಟ್ರಂಕಿನಿಂದ ಐದೂ ಕಂತು ತೆಗೆದು ಬಲದಿಂದ ಓದಿದೆ. ಎಂಥ ದರಿದ್ರ ಕಥೆ. ಹುಡುಗ ಏಟು ತಿನ್ನುತ್ತಾನೆ, ಮನೆ ಬಿಡುತ್ತಾನೆ, ಉಸ್ತಾದನ ಹತ್ತಿರ ಕಲಿಯುತ್ತಾನೆ, ಉಸ್ತಾದ ಸರಿಯಾದ ಸಮಯ ನೋಡಿ ಸಾಯುತ್ತಾನೆ, ಹುಡುಗ ಗೆಲ್ಲುತ್ತಾನೆ. ಊರಿನ ಟಾಕೀಸಿನಲ್ಲಿ ವರ್ಷಕ್ಕೆ ಆರು ಸಲ ಬರುವ ಸರಕು. ಕೆಟ್ಟವರೆಲ್ಲ ದಪ್ಪ, ಹೆಂಗಸರಿಗೆಲ್ಲ ಒಂದೇ ಮುಖ. ತಾಯಿಯನ್ನು ಎರಡನೇ ಪುಟದಲ್ಲೇ ಬಾಗಿಲಲ್ಲಿ ನಿಲ್ಲಿಸಿ ಮರೆತಿದ್ದಾರೆ. ನನ್ನ ಓದಿನಲ್ಲಿ ಇಡೀ ಕಥೆ ಅವಳ ಹತ್ತಿರ ಬಂದು ಮುಟ್ಟುತ್ತಿತ್ತು. ಕೈಯಲ್ಲಿದ್ದ ಬಟ್ಟಲನ್ನು ಕೊಟ್ಟು ಬರುವ ವೀರ, ಸೋತವನನ್ನು ಎಬ್ಬಿಸುವ ಕುಸ್ತಿ: ಇವೆಲ್ಲ ಬರೆದವನಿಗೆ ಹೊಳೆದಿರಲೇ ಇಲ್ಲ. ನನ್ನ ದಡ್ಡತನ ಅವನ ಪ್ರತಿಭೆಗಿಂತ ಒಂದು ಕೈ ಮೇಲಿತ್ತು. ಮುತ್ಯಾ ಹೇಳಿದ್ದು ಸರಿ, ಸರಿಯಾದದ್ದು ಸಪ್ಪೆ.

ಆದರೂ ಹೇಳಲೇಬೇಕಿತ್ತು. ಎಂಬತ್ತರ ಹತ್ತಿರ ಬಂದಿದ್ದ ಮುತ್ಯಾ ಪಡಸಾಲೆಯ ಹೊರಸಿನ ಮೇಲೆ ಕೂತಿದ್ದರು. ದಾರಿಯಲ್ಲಿ ತಿದ್ದಿಕೊಂಡ ಮಾತುಗಳನ್ನೆಲ್ಲ ಬಿಟ್ಟು ಪುಸ್ತಕವನ್ನು ಅವರ ಮುಂದೆ ಹಿಡಿದೆ.

"ಮುತ್ಯಾ, ಆವತ್ತ ನೀ ಹೇಳಿದ್ದು ಖರೆ. ಬಲಗಡಿಂದನ ಓದಬೇಕಂತ. ಪೇಪರಿನಾಗ ಬಂದೈತಿ."

"ಪೇಪರಿನಾಗ ಬಂದ ಮ್ಯಾಲ ಖರೆ ಆತೇನು?"

"ನಂದು ತಪ್ಪಾತು."

"ನನಗ್ಯಾಕ ಹೇಳತಿ? ನನಗ ಆವತ್ತ ಗೊತ್ತಿತ್ತು. ನಕ್ಕಾಕಿ ಒಳಗದಾಳ, ಆಕಿಗೆ ಹೇಳು."

ಅವ್ವ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ನಾನು ತರಗತಿಯಲ್ಲಿ ಪಾಠ ಹೇಳುವವಳಂತೆ ಎಡ ಬಲವೆಲ್ಲ ವಿವರಿಸಿದೆ. ಅವಳು ಒಮ್ಮೆ ಪುಸ್ತಕವನ್ನು, ಒಮ್ಮೆ ಮುತ್ಯಾನನ್ನು ನೋಡಿ ಹೊರಸಿನ ಪಕ್ಕ ನೆಲದ ಮೇಲೆ ಕೂತಳು.

"ಹೌದನ್ರಿ ಮಾವಾರ? ಹಂಗಾರ ಇದರಾಗ ಏನ ಬರದಾರ, ಓದ್ರಿ ನೋಡೂನು."

ಅದು ಪರೀಕ್ಷೆಯೋ, ಚೇಷ್ಟೆಯೋ, ಮರ್ಯಾದೆಯೋ ನನಗೆ ಇವತ್ತಿಗೂ ತಿಳಿದಿಲ್ಲ. ಮುತ್ಯಾ ಚಾಳೀಸು ಹಾಕಿಕೊಂಡು ಬಲದಿಂದ ತೆರೆದರು. ಅವರಿಗೆ ಜಪಾನಿ ನನಗೆ ಬರುವಷ್ಟೇ ಬರುತ್ತಿತ್ತು.

"ತಾಯಿ ಅಂತಾಳ, ಹೋಗ್ತಿದ್ರ ಹೋಗಪಾ, ಹಾದಿಗೆ ಎರಡು ರೊಟ್ಟಿ ಕಟ್ಟೀನಿ. ಮಗ ಅಂತಾನ, ಹೊಳ್ಳಿ ನೋಡಿದ್ರ ಕಾಲು ಏಳಂಗಿಲ್ಲ ಯವ್ವಾ, ಹಿಂಗ ಹೋಕ್ಕೀನಿ."

"ಮುತ್ಯಾ, ಅಲ್ಲಿ ಹಂಗೇನು ಬರದಿಲ್ಲ," ಎಂದೆ.

"ಯಾಕ, ಪೇಪರಿನಾಗ ಬಂದಿಲ್ಲೇನು?"

"ನೀ ಸುಮ್ಮನ ಕೂಡ ಬೇ," ಅವ್ವ ನನ್ನ ತೊಡೆಗೆ ತಿವಿದಳು. "ಮುಂದ ಏನಾತ್ರಿ ಮಾವಾರ?"

"ತಡಿ, ಅವಸರ ಮಾಡಬ್ಯಾಡ. ಇಲ್ಲೆ ಅಕ್ಷರ ಭಾಳ ಸಣ್ಣವದಾವ," ಎಂದು ಮುತ್ಯಾ ಪುಸ್ತಕವನ್ನು ಕಣ್ಣಿನ ಹತ್ತಿರ ತಂದುಕೊಂಡರು.