ತೊಟ್ಟಿಲಕ್ಕನ ಕಿವಿ

ಪಾತ್ರೆಯೊಳಗೊಂದು ಪಾತ್ರೆ, ಅದರೊಳಗೆ ಇನ್ನೊಂದು. ಮೂರೂ ಒಂದಕ್ಕೊಂದು ತಾಗಕೂಡದು. ತೊಟ್ಟಿಲಕ್ಕ ಬದುಕಿನುದ್ದಕ್ಕೂ ಮಾಡಿದ್ದು ಇಷ್ಟೇ ಎಂದು ಹೇಳಿ ಮುಗಿಸಬಹುದು. ಆದರೆ ಇಷ್ಟು ಮಾಡುವುದೇನು ಹುಡುಗಾಟವಲ್ಲ.

ಆಸ್ಪತ್ರೆಯಲ್ಲಿ ರೋಗಿಯನ್ನು ಮಲಗಿಸಿ ಒಳಗೆ ತಳ್ಳಿ, ಮೈಯೊಳಗಿನ ಚಿತ್ರ ತೆಗೆಯುವ ದೊಡ್ಡ ಯಂತ್ರವಿರುತ್ತದಲ್ಲ, ಅದರ ಹೊಟ್ಟೆಯಲ್ಲಿ ಒಂದು ಅಯಸ್ಕಾಂತವಿದೆ. ಅದರ ದೌಲತ್ತು ಹೇಳತೀರದು. ದ್ರವ ಹೀಲಿಯಂನ ಭಯಂಕರ ಚಳಿಯಲ್ಲಿ ಮುಳುಗಿಸಿಟ್ಟರೆ ಮಾತ್ರ ಕೆಲಸ ಮಾಡುತ್ತದೆ. ಅದಕ್ಕೇ ಪಾತ್ರೆಯೊಳಗೆ ಪಾತ್ರೆ ಇಟ್ಟು, ನಡುವಿನ ಗಾಳಿಯನ್ನೆಲ್ಲ ಹೀರಿ ತೆಗೆಯುವುದು. ಕೆಳಗೆ ಗಟ್ಟಿ ಕಾಲು ಕೊಟ್ಟು ನಿಲ್ಲಿಸೋಣವೆಂದರೆ ಆ ಕಾಲಿನ ಮೂಲಕವೇ ಹೊರಗಿನ ಬಿಸಿ ಒಳಗೆ ಹತ್ತಿ ಹೀಲಿಯಂ ಕುದಿದುಹೋಗುತ್ತದೆ. ಹಾಗಾಗಿ ಒಳಗಿನ ಪಾತ್ರೆಯನ್ನು ಗಾಜಿನ ನಾರಿನ ತೆಳ್ಳನೆಯ ಪಟ್ಟಿಗಳಿಂದ ಸುತ್ತಲೂ ಬಿಗಿದು, ತೊಟ್ಟಿಲಿನಂತೆ ನಡುವೆ ತೂಗುಹಾಕಬೇಕು. ಅಂಥ ಯಂತ್ರ ಮಾಡುವ ಕಾರ್ಖಾನೆಯೊಂದರಲ್ಲಿ ತೂಗುಹಾಕುವ ಕೆಲಸ ಇವಳದು. ಮದುವೆಯಾದ ಹೊಸದರಲ್ಲಿ ಸೇರಿದವಳು, ಈಗ ಕೂದಲು ಬೆಳ್ಳಗಾಗಿದೆ. ಹೆಸರೇನೋ ಇತ್ತು, ಅದನ್ನು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ವೆಲ್ಡಿಂಗಿನವನಿಂದ ಹಿಡಿದು ಮೇಸ್ತ್ರಿಯವರೆಗೂ ಎಲ್ಲರಿಗೂ ಅವಳು ತೊಟ್ಟಿಲಕ್ಕ.

ಪಟ್ಟಿ ಸಡಿಲವಾದರೆ ಪಾತ್ರೆ ವಾಲುತ್ತದೆ. ಹಾಗಂತ ಬಿಗಿದುಬಿಟ್ಟರೂ ಕಷ್ಟವೇ; ಚಳಿ ತುಂಬಿದಾಗ ಪಾತ್ರೆ ಕುಗ್ಗಿ ಪಟ್ಟಿಯನ್ನು ತನ್ನ ಕಡೆಗೆ ಎಳೆಯುತ್ತದೆ, ಮೊದಲೇ ಬಿಗಿಯಾಗಿದ್ದರೆ ಪಟ್ಟಿ ಹರಿಯುತ್ತದೆ. ಅಳತೆಯ ಸಲಕರಣೆಗೆ ಆ ಇಕ್ಕಟ್ಟಿನಲ್ಲಿ ಜಾಗವಿಲ್ಲ. ಸಣ್ಣ ಕಬ್ಬಿಣದ ಕಡ್ಡಿಯಿಂದ ಪಟ್ಟಿಯನ್ನು ತಟ್ಟಬೇಕು, ಸದ್ದು ಕೇಳಬೇಕು, ನಟ್ಟನ್ನು ಒಂಚೂರು ತಿರುಗಿಸಬೇಕು. ಅವಳ ಕಿವಿಯೆಂದರೆ ಕಿವಿ. "ಆ ಮೂಲೇದು ಅಳ್ತಾ ಇದೆ, ಸ್ವಲ್ಪ ಬಿಡಿ," ಅಂದರೆ ಮೇಸ್ತ್ರಿ ಮರುಮಾತಿಲ್ಲದೆ ಬಿಡುತ್ತಿದ್ದ.

ಆ ಕಿವಿ ಕೈಕೊಡತೊಡಗಿತ್ತು. ಮೊದಲು ಗೊತ್ತಾದದ್ದು ಮನೆಯಲ್ಲಿ. ಗಂಡ ದರ್ಜಿ, ಹೊಲಿಗೆ ಯಂತ್ರದ ಮುಂದೆ ಕೂತವನು ಅಲ್ಲಿಂದಲೇ, "ಏನೇ, ನಿನ್ನ ಫೋನು ಆಗಿನಿಂದ ಬಡ್ಕೋತಾ ಇದೆ," ಎಂದ. ಫೋನು ಅವಳ ಮೊಣಕೈ ಪಕ್ಕದಲ್ಲೇ ಇತ್ತು.

"ಡಾಕ್ಟರಿಗೆ ತೋರ್ಸು," ಎಂದು ಅವನು ಗಂಟುಬಿದ್ದ.

"ತೋರ್ಸಿದ್ರೆ ಕಿವಿ ಹೋಗಿದೆ ಅಂತ ಬರ್ಕೊಡ್ತಾರೆ. ಆಮೇಲೆ ನನ್ನನ್ನ ಪ್ಯಾಕಿಂಗಿಗೆ ಕೂರಿಸ್ತಾರೆ. ಡಬ್ಬಕ್ಕೆ ಟೇಪು ಅಂಟಿಸ್ಕೊಂಡು ಕೂತ್ಕೊಳ್ಲಾ ನಾನು? ನಿಮ್ಮ ಕೈಯಿಂದ ಕತ್ತರಿ ಕಿತ್ಕೊಂಡ್ರೆ ಹೇಗಿರುತ್ತೆ ರೀ?"

ದರ್ಜಿ ಮತ್ತೆ ಹೊಲಿಗೆ ಯಂತ್ರ ತುಳಿಯತೊಡಗಿದ. ಅವಳು ಯಾರಿಗೂ ಹೇಳಲಿಲ್ಲ. ಕಾರ್ಖಾನೆಯಲ್ಲಿ ಕಡ್ಡಿ ತಟ್ಟುತ್ತಲೇ ಇದ್ದಳು. ಸದ್ದು ಮಂಕಾಗಿ ಕೇಳಿಸಿದರೆ ಪಟ್ಟಿ ಸಡಿಲವಿದೆಯೋ, ಕಿವಿಯೇ ಮಂಕೋ, ಯಾರನ್ನು ಕೇಳುವುದು? ಪಟ್ಟಿ ಸಡಿಲವೆಂದೇ ನಂಬಿ ಇನ್ನೊಂಚೂರು ತಿರುಗಿಸುತ್ತಿದ್ದಳು. ಯಂತ್ರಗಳು ಸುಸೂತ್ರವಾಗಿ ಹೊರಗೆ ಹೋಗುತ್ತಿದ್ದವು. ಸದ್ಯ, ಕೈಯಾದರೂ ಕೆಲಸ ಮರೆತಿಲ್ಲ ಎಂದು ಸಮಾಧಾನಪಟ್ಟಳು.

ಅಲ್ಲೊಂದು ಪದ್ಧತಿಯಿತ್ತು. ಹೊಸ ಪಾತ್ರೆಗೆ ಹೀಲಿಯಂ ತುಂಬಿಸಿದ ಮರುದಿನ ಬೆಳಿಗ್ಗೆ, ತೂಗುಹಾಕಿದವರೇ ಬಂದು ಹೊರಮೈಯನ್ನೆಲ್ಲ ಅಂಗೈಯಿಂದ ಸವರಬೇಕು. ಒಣಗಿದ್ದರೆ ಎಲ್ಲ ಸರಿ. ಬೆವರಿದ್ದರೆ ಒಳಗೆ ಏನೋ ತಾಗಿ ಚಳಿ ಹೊರಮೈಗೆ ಬರುತ್ತಿದೆ ಎಂದು ಅರ್ಥ.

ಆ ಬೆಳಿಗ್ಗೆ ಅವಳು ಎಂದಿನಂತೆ ಸವರುತ್ತ ಬಂದಳು. ಕೆಳಭಾಗದಲ್ಲಿ, ತಟ್ಟೆಯಗಲದ ಜಾಗದಲ್ಲಿ ಕೈ ಒದ್ದೆಯಾಯಿತು. ಸೆರಗಿನಿಂದ ಒರೆಸಿದಳು. ನೋಡುನೋಡುತ್ತಿದ್ದಂತೆ ಮತ್ತೆ ಹನಿಗಟ್ಟಿತು.

"ಅಕ್ಕ, ಕೇಳಿಸ್ತಾ ಇಲ್ವಾ? ಮೇಲಿನ ಕೊಳವೆಯಿಂದ ಹೀಲಿಯಂ ಎಷ್ಟು ಜೋರಾಗಿ ಹೋಗ್ತಾ ಇದೆ," ಎಂದು ವೆಲ್ಡಿಂಗಿನವನು ಓಡಿಬಂದ.

ತಲೆಯೆತ್ತಿ ನೋಡಿದಳು. ಕೊಳವೆಯ ಬಾಯಲ್ಲಿ ಬಿಳಿಯ ಆವಿ ನುಗ್ಗುತ್ತಿತ್ತು. ಅವಳ ಪಾಲಿಗೆ ಅದು ಸದ್ದಿಲ್ಲದೆ ನುಗ್ಗುತ್ತಿತ್ತು.

ಮಾಡುವುದಾದರೂ ಏನು? ಪಟ್ಟಿ ಹರಿದು ಒಳಗಿನ ಪಾತ್ರೆ ವಾಲಿದೆ, ನಡುವಿನದನ್ನು ಹೊರಗಿನದಕ್ಕೆ ಒತ್ತಿದೆ. ಕೈ ಹಾಕಿ ಒಂದು ಬೆರಳಿನಷ್ಟು ಈಚೆ ಸರಿಸಿದರೆ ಸಾಕಿತ್ತು. ಆದರೆ ಕೈ ಹಾಕಲು ದಾರಿಯಿಲ್ಲ. ಸುತ್ತಲೂ ಬೆಸುಗೆ ಬಿದ್ದಾಗಿದೆ. ಹೀಲಿಯಂ ಪೂರ್ತಿ ಹೋಗಿ, ಪಾತ್ರೆ ತಾನಾಗಿ ಬೆಚ್ಚಗಾಗುವವರೆಗೆ ಕತ್ತರಿಸುವಂತೆಯೂ ಇಲ್ಲ. ಊಟ ತಿಂಡಿ ಬಿಟ್ಟು ಅವಳು ಅದರ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಳು. ಕೂತರೆ ಆವಿ ನಿಲ್ಲುತ್ತದೆಯೇ? ಎದ್ದು ಹೋದರೂ ನಿಲ್ಲುವುದಿಲ್ಲ. ಅವಳಿಗೆ ಅಳು ಬಂತು.

ಅವಳಿಗಿಂತ ಹೆಚ್ಚು ಒದ್ದಾಡಿದವನು ವೆಲ್ಡಿಂಗಿನವನು. "ನನ್ನ ಬೆಂಕಿ ತಾಗಿ ಪಟ್ಟಿ ಸುಟ್ಟಿರ್ಬೇಕು ಅಕ್ಕ. ಮುಗೀತು ನನ್ನ ಕಥೆ," ಎಂದು ತಲೆಯ ಮೇಲೆ ಕೈಹೊತ್ತುಕೊಂಡ. ಅವಳು "ಛೇ, ಹಾಗೇನಿರಲ್ಲ," ಎಂದಳೇ ಹೊರತು ತನ್ನ ಕಿವಿಯ ವಿಷಯ ಹೇಳಲಿಲ್ಲ.

ಪಾತ್ರೆ ಬೆಚ್ಚಗಾಯಿತು, ಕತ್ತರಿಸಿದರು. ಹರಿದ ಪಟ್ಟಿಯ ನಾರು ಬಿಳಿಯ ಕೂದಲಿನಂತೆ ಕೆದರಿ ನಿಂತಿತ್ತು. ಸುಟ್ಟ ಗುರುತು ಎಲ್ಲೂ ಇಲ್ಲ. ಆದರೂ ವೆಲ್ಡಿಂಗಿನವನು ಟಾರ್ಚು ಹಿಡಿದು ಇಲ್ಲದ ಮಸಿಯನ್ನು ಹುಡುಕುತ್ತಲೇ ಇದ್ದ. ಅದನ್ನು ನೋಡಲಾರದೆ ತೊಟ್ಟಿಲಕ್ಕ ನೆಟ್ಟಗೆ ಮೇಸ್ತ್ರಿಯ ಕೋಣೆಗೆ ಹೋಗಿ ಬಾಗಿಲು ಮುಚ್ಚಿದಳು.

"ಅವನದೇನೂ ತಪ್ಪಿಲ್ಲ ಮೇಸ್ತ್ರಿ. ನಾನೇ ಬಿಗಿ ಜಾಸ್ತಿ ಮಾಡಿದ್ದು. ನನ್ನ ಕಿವಿ ಹೋಗಿದೆ. ಒಂದು ವರ್ಷದ ಮೇಲಾಯ್ತು. ಹೇಳ್ಲಿಲ್ಲ."

ಬೈಗುಳಕ್ಕೆ ಮೈಯೊಡ್ಡಿ ನಿಂತಳು. ಮೇಸ್ತ್ರಿ ಬೈಯಲಿಲ್ಲ. ಅವಳಿಗಿಂತ ಎಷ್ಟೋ ಚಿಕ್ಕವನು; ಪಟ್ಟಿ ತಟ್ಟುವುದನ್ನು ಅವಳಿಂದಲೇ ಕಲಿತವನು. ಅವಳಿಗೆ ಕೇಳಿಸಲೆಂದು ಹತ್ತಿರ ಬಂದು, ನಿಧಾನವಾಗಿ ಹೇಳಿದ.

"ನನಗೆ ಗೊತ್ತಿತ್ತು ಅಕ್ಕ. ನೀವು ಮನೆಗೆ ಹೋದ್ಮೇಲೆ ನಾನೇ ಇನ್ನೊಂದು ಸಲ ತಟ್ಟಿ ನೋಡ್ತಿದ್ದೆ. ಈ ಪಾತ್ರೆಗೆ ಪಟ್ಟಿ ಬಿಗಿದ ವಾರ ಜ್ವರ ಬಂದು ಮಲಗಿಬಿಟ್ಟೆ, ಅಷ್ಟರಲ್ಲಿ ಮುಚ್ಚಿಬಿಟ್ರು. ತಪ್ಪು ನಂದೂ ಇದೆ. ಮೇಲಿನವರಿಗೆ ಹಾಗೇ ಹೇಳ್ತೀನಿ."

ತೊಟ್ಟಿಲಕ್ಕ ಕುರ್ಚಿ ಹಿಡಿದು ಕೂತಳು.

"ತಟ್ಟಿ ನೋಡಿ, ನನ್ನ ಬಿಗಿ ಬದಲಾಯಿಸ್ತಾನೂ ಇದ್ರಾ?"

"ಮೊದಮೊದಲು ಒಂದೋ ಎರಡೋ."

"ಆಮೇಲೆ?"

ಮೇಸ್ತ್ರಿ ಕಿಟಕಿಯ ಕಡೆ ನೋಡಿದ. "ಆಮೇಲೆ ಎಲ್ಲಾನೂ ಅಕ್ಕ."

ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕೃತಜ್ಞತೆಯಾದರೂ ಬರಬಹುದಿತ್ತು, ಅದೂ ಇಲ್ಲ. ವರ್ಷದುದ್ದಕ್ಕೂ ಹೊರಗೆ ಹೋದ ಒಂದೊಂದು ಯಂತ್ರವನ್ನೂ ನೆನೆಸಿಕೊಂಡಳು. ಅವುಗಳಲ್ಲಿ ಅವಳು ತೂಗುಹಾಕಿದ್ದು ಒಂದೂ ಇರಲಿಲ್ಲ. ಅವಳೇ ತೂಗುಹಾಕಿದ್ದೆಂದರೆ ಕೋಣೆಯ ಹೊರಗೆ ಕತ್ತರಿಸಿಟ್ಟಿದ್ದ ಇದೊಂದೇ.

ಹಾಕಿದ ಪಟ್ಟಿಯ ಬಿಗಿ ಸರಿಮಾಡುವುದು ಒಬ್ಬರ ಕೈಲಾದೀತು, ಹೊಸ ಪಟ್ಟಿ ಹಾಕುವುದು ಒಬ್ಬರಿಂದಾಗುವ ಕೆಲಸವಲ್ಲ. ಒಬ್ಬರು ಪಟ್ಟಿಯನ್ನು ತಿರುಚದಂತೆ ಹಿಡಿದುಕೊಳ್ಳಬೇಕು, ಇನ್ನೊಬ್ಬರು ತಟ್ಟಿ ಬಿಗಿಯಬೇಕು. ಮಧ್ಯಾಹ್ನ ಮೇಸ್ತ್ರಿ ಕಡ್ಡಿ ಹಿಡಿದು ಪಾತ್ರೆಯೊಳಗೆ ತೂರಿದಾಗ, ಅವಳೂ ಹಿಂದೆಯೇ ತೂರಿ ಹೊಸ ಪಟ್ಟಿ ಹಿಡಿದುಕೊಂಡಳು. ಅವನು ತಟ್ಟಿದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

"ಸರಿ ಇದೆಯಾ?" ಎಂದು ಕೇಳಿದಳು.