ಬಸಕ್ಕನ ಎರಡನೇ ಬಿತ್ತನೆ

ಬಸಕ್ಕನಿಗೆ ಕಾಯಿಪಲ್ಲೆ ಬೆಳೆಯುವುದನ್ನು ಹೇಳಿಕೊಡಲು ಯಾರೂ ಹೋಗುತ್ತಿರಲಿಲ್ಲ. ಹೋದವರೆಲ್ಲ ಒಂದೇ ಸಲಕ್ಕೆ ಬಾಯಿ ಮುಚ್ಚಿಕೊಂಡು ಬಂದಿದ್ದರು, ಗಂಡ ಶಂಕ್ರೆಪ್ಪನೂ ಸೇರಿ. ಬಾಗಲಕೋಟೆ ಕಡೆಯ ಆ ಊರಿಗೆ ಸೊಸೆಯಾಗಿ ಬಂದ ವರ್ಷದಿಂದ ಹಿತ್ತಲಲ್ಲಿ ಮೆಂತ್ಯ, ಮೂಲಂಗಿ ಬೆಳೆದವಳು ಅವಳು. ನೀರು ಎರಡು ಫರ್ಲಾಂಗು ದೂರದ ಬಾವಿಯಿಂದ ತಲೆಯ ಮೇಲೆ ಬರಬೇಕಿತ್ತು. ಅಕ್ಕಿ ತೊಳೆದ ನೀರು, ಕೈ ತೊಳೆದ ನೀರು ಎಲ್ಲವನ್ನೂ ಬೊಗಸೆಯಲ್ಲಿ ಹಿಡಿದು ಮಡಿಗೆ ಚಿಮುಕಿಸುವಳು. ನೀರು ಚೆಲ್ಲುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಇಂಥ ಬಸಕ್ಕ ೨೦೦೬ರ ಜನವರಿ ಕೊನೆಗೆ ಒಮಾನ್ ದೇಶದ ಸೊಹಾರ್‌ಗೆ ಬಂದಳು. ಮಗ ಸುಭಾಸ ಅಲ್ಲಿ ಬಂದರಿನ ಹತ್ತಿರದ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಸೊಸೆ ಪ್ರತಿಮಾ ಬಸುರಿ. ಹಿಂದಿನ ವರ್ಷ ಒಂದು ಬಸಿರು ನಿಲ್ಲದೆ ಹೋಗಿತ್ತು. ಈ ಸಲ ಹುಡುಗಿಗೆ ಏನು ತಿಂದರೂ ವಾಂತಿ. ಎರಡು ಸಲ ಆಸ್ಪತ್ರೆಗೆ ಹೋಗಿ ಸಲೈನ್ ಏರಿಸಿಕೊಂಡು ಬಂದಿದ್ದಳು, ಮೈಮೇಲೆ ಮಾಂಸವೇ ಉಳಿದಿರಲಿಲ್ಲ. ಮನೆಯಲ್ಲಿ ಎಲ್ಲರೂ ಹೆದರಿ ಕೂತಿದ್ದರು.

"ಏನ ತಿನ್ನಬೇಕ ಅನಸ್ತೈತಿ, ಬಾಯಿ ಬಿಟ್ಟ ಹೇಳವ್ವ" ಎಂದಳು ಬಸಕ್ಕ.

"ಎಳೀ ಮೆಂತ್ಯಾ ಅತ್ತಿ. ಆಗಷ್ಟ ಕಿತ್ತಿದ್ದು. ಬಿಸಿ ರೊಟ್ಟಿ ಕೂಡ, ಹಸೀದ."

ಸುಭಾಸ ಅಂದೇ ಸಂಜೆ ಅಂಗಡಿಯಿಂದ ಒಂದು ಕಟ್ಟು ತಂದ. ಫ್ರಿಜ್ಜಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಪ್ರತಿಮಾ ಬಚ್ಚಲಿಗೆ ಓಡಿದಳು.

"ಇಷ್ಟ ಹೌದಿಲ್ಲೋ? ನಾ ಅದೀನಿ" ಎಂದು ಬಸಕ್ಕ ಮರುದಿನವೇ ಸೆರಗು ಸಿಕ್ಕಿಸಿ ಅಂಗಳಕ್ಕಿಳಿದಳು. ಚಳಿಗಾಲ ಮುಗಿಯುತ್ತ ಬಂದಿತ್ತು. ಮಾರ್ಚ್ ದಾಟಿತೆಂದರೆ ಇಲ್ಲಿನ ಬಿಸಿಲಿಗೆ ಸೊಪ್ಪು ಕಹಿಯಾಗುತ್ತದೆಂದು ಅಕ್ಕಪಕ್ಕದವರು ಹೇಳಿದ್ದರು. ಅಡುಗೆ ಮನೆಯ ಡಬ್ಬಿಯ ಮೆಂತ್ಯವನ್ನೇ ಚೆಲ್ಲಿ, ಅಂಚಿಗೆ ಮೂಲಂಗಿ ಬೀಜ ಊರಿದಳು. ಅಂಗಳದ ನಲ್ಲಿಗೆ ಪಕ್ಕದ ಖರ್ಜೂರದ ತೋಟದ ಬಾವಿಯ ನೀರು ಬರುತ್ತಿತ್ತು. ಅದನ್ನು ತಂಬಿಗೆಯಲ್ಲಿ ಹಿಡಿದು, ಬೆರಳಿನಿಂದ ಚಿಮುಕಿಸಿದಳು.

ತೋಟ ನೋಡಿಕೊಳ್ಳುವ ರಹ್ಮತ್ ಬಲೂಚಿ ಮನುಷ್ಯ, ಗಡ್ಡವೆಲ್ಲ ಬೆಳ್ಳಗೆ. ಗಿಡ್ಡ ಗೋಡೆಯ ಆಚೆಯಿಂದ ನೋಡಿ, "ಅಮ್ಮಾ, ಐಸೇ ನಹೀ. ಪಾನಿ ಜ್ಯಾದಾ ದೋ" ಎಂದು ನೀರು ಹೆಚ್ಚು ಹಾಕಲು ಹೇಳಿದ. ವಿಜಾಪುರದ ಸಂತೆಯಲ್ಲಿ ಕಲಿತ ಹಿಂದಿ ಬಸಕ್ಕನಿಗೆ ಅಷ್ಟಿಷ್ಟು ಬರುತ್ತಿತ್ತು. ತಿಳಿದೂ ತಿಳಿಯದಂತೆ ಒಳಗೆ ಹೋದಳು.

"ನೋಡೋ ಸುಭಾಸ, ಖಜೂರಿ ಗಿಡಾ ಕಾಯಾಂವ ನನಗ ಮೆಂತ್ಯಾ ಕಲಸಾಕ ಬಂದಾನ!"

ನಾಲ್ಕನೇ ದಿನಕ್ಕೆ ಮೊಳಕೆ ಬಂತು. ಪ್ರತಿಮಾ ದಿನಾ ಬೆಳಗ್ಗೆ ಗೋಡೆ ಹಿಡಿದುಕೊಂಡು ಬಂದು ಕಿಟಕಿಯಲ್ಲಿ ನಿಂತು ನೋಡುವಳು. ಎಂಟನೇ ದಿನ ಎಲೆಯ ತುದಿ ಸುಟ್ಟಂತಾಯಿತು. ಹನ್ನೆರಡನೇ ದಿನಕ್ಕೆ ಮಡಿ ಪೂರಾ ಮಲಗಿತು, ಮಣ್ಣಿನ ಮೇಲೆ ಬೆಳ್ಳನೆಯ ಹೊದಿಕೆಯೊಂದು ಉಳಿಯಿತು. ಅದೇ ವಾರ ಡಾಕ್ಟರು, ಇನ್ನು ತೂಕ ಇಳಿದರೆ ಅಡ್ಮಿಟ್ ಮಾಡಲೇಬೇಕು, ಕೂಸಿನ ಬಗ್ಗೆ ಏನೂ ಹೇಳಲಾಗದು ಎಂದಿದ್ದರು. ಬಸಕ್ಕ ಮಡಿಯ ಪಕ್ಕ ಕುಕ್ಕರಿಸಿ ಗಳಗಳ ಅತ್ತಳು.

ರಹ್ಮತ್ ಗೋಡೆ ಸುತ್ತಿ ಬಾಗಿಲಿಂದ ಒಳಗೆ ಬಂದ. ಆ ಬೆಳ್ಳನೆಯದನ್ನು ಚೂರು ಕೆರೆದು ತಾನು ನಾಲಗೆಗೆ ಇಟ್ಟುಕೊಂಡ, ಅವಳಿಗೂ ಕೊಟ್ಟ. ಉಪ್ಪು! ಸಮುದ್ರ ಹತ್ತಿರ, ಬಾವಿಯ ನೀರೇ ಉಪ್ಪು ಎಂದು ವಿವರಿಸಿದ. ಚೂರು ನೀರು ಕೊಟ್ಟರೆ ನೀರು ಒಣಗಿ ಉಪ್ಪು ಮೇಲೆ ಕೂರುತ್ತದೆ. ತುಂಬ ಕೊಟ್ಟರೆ ಉಪ್ಪನ್ನು ಬೇರಿನ ಕೆಳಗೆ ಕೊಂಡೊಯ್ಯುತ್ತದೆ. ಇಷ್ಟೇ ಸಂಗತಿ.

ಎಷ್ಟು ವರ್ಷದ ಹೆಮ್ಮೆ ನೋಡಿ, ಒಂದು ಚಿಟಿಕೆ ಉಪ್ಪಿಗೆ ಇಳಿದುಹೋಯಿತು. "ನೀ ಹೆಂಗ ಹೇಳ್ತಿ ಹಂಗ ಮಾಡ್ತೀನೋ ಯಪ್ಪಾ" ಎಂದು ಬಸಕ್ಕ ಕನ್ನಡದಲ್ಲೇ ಅಂದುಬಿಟ್ಟಳು. ಅವನಿಗೆ ಅರ್ಥವಾಯಿತು.

ಮೂರು ದಿನ ಪೈಪು ಬಿಟ್ಟು ಮಡಿಯನ್ನು ತೊಳೆದರು. ನೀರು ಹರಿಯುವುದನ್ನು ನೋಡಲಾಗದೆ ಬಸಕ್ಕ ಗೋಡೆಯ ಕಡೆ ಮುಖ ಮಾಡಿ, "ಗಂಗವ್ವಾ, ತಪ್ಪಾತು, ಹೊಟ್ಟ್ಯಾಗ ಹಾಕ್ಕೋ" ಎಂದು ಗೊಣಗಿದಳು. ಆಮೇಲೆ ರಹ್ಮತ್ ಹೇಳಿದಂತೆ ಮಣ್ಣು ಏರಿಸಿ ಸಾಲುಸಾಲು ಏರು ಮಾಡಿ, ನಡುವೆ ಕಾಲುವೆ ಬಿಟ್ಟು, ಏರಿನ ಮಗ್ಗುಲಿಗೆ ಬೀಜ ಹಾಕಿದಳು. ನೀರು ಕಟ್ಟುವ ದಿನ ಕಾಲುವೆ ತುಂಬುವವರೆಗೆ ಹಲ್ಲು ಕಚ್ಚಿ ನಿಂತಳು. ಅಲ್ಲಿಯವರೆಗೆ ಪ್ರತಿಮಾ ಗಂಜಿ ತಿಳಿಯಲ್ಲೇ ದಿನ ದೂಡಿದಳು.

ಮಾರ್ಚ್ ಮಧ್ಯಕ್ಕೆ ಮೆಂತ್ಯ ನಾಲ್ಕು ಬೆರಳು ಎತ್ತರ ಬಂತು. ಬಸಕ್ಕ ಬೇರುಸಹಿತ ಒಂದು ಹಿಡಿ ಕಿತ್ತು, ತೊಳೆದು, ಹಂಚಿನಿಂದ ಇಳಿಸಿದ ರೊಟ್ಟಿಯ ಜೊತೆ ಸೊಸೆಯ ಮುಂದಿಟ್ಟಳು. ಪ್ರತಿಮಾ ಮೂಸಿದಳು. ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಬಸಕ್ಕ ಬಚ್ಚಲ ಬಾಗಿಲು ತೆರೆದೇ ಇಟ್ಟಿದ್ದಳು. ಹುಡುಗಿ ಅತ್ತ ನೋಡಲೇ ಇಲ್ಲ, ಎರಡನೇ ತುತ್ತು ಮುರಿದಳು. ಸ್ವಲ್ಪ ಹೊತ್ತಿಗೆ ತಲೆ ಎತ್ತಿ, "ಇನ್ನೊಂದ ರೊಟ್ಟಿ ಹಾಕ್ರಿ ಅತ್ತಿ" ಎಂದಳು.

ಗಂಟೆ ಕಳೆಯಿತು. ತಿಂದದ್ದು ಹೊಟ್ಟೆಯಲ್ಲೇ ಉಳಿಯಿತು, ಪ್ರತಿಮಾ ನಿದ್ದೆ ಹೋದಳು. ಬಸಕ್ಕ ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಬರಿಗಾಲಲ್ಲೇ ತೋಟಕ್ಕೆ ನಡೆದಳು. ರಹ್ಮತ್ ಪಂಪಿನ ಹತ್ತಿರ ಕೂತಿದ್ದ. ಕೃತಜ್ಞತೆಗೆ ಹಿಂದಿಯಲ್ಲಿ ಏನನ್ನುತ್ತಾರೋ ಅವಳಿಗೆ ನೆನಪಾಗಲಿಲ್ಲ. ರೊಟ್ಟಿಯ ಗಂಟನ್ನು ಅವನ ಕೈಗಿಟ್ಟಳು.

"ಭಾಯಿ, ಬಹೂ ಖಾಯಿ" ಎಂದಳು, ಸೊಸೆ ತಿಂದಳು ಅನ್ನುವ ಹಾಗೆ.

ಮುದುಕ ಪಂಪು ನಿಲ್ಲಿಸಿದ. ಎರಡೂ ಕೈ ಎತ್ತಿ ದೇವರಿಗೆ ಶುಕ್ರ್ ಹೇಳಿದ. ಆಮೇಲೆ ರೊಟ್ಟಿ ತೋರಿಸಿ ಎಷ್ಟು ಎಂದು ಕೇಳಿದ, "ಕಿತ್ನಾ?"

ಬಸಕ್ಕ ಎರಡು ಬೆರಳು ತೋರಿಸಿದಳು. ತುಸು ಯೋಚಿಸಿ, ಮೂರನೆಯದನ್ನು ಅರ್ಧ ಮಡಚಿ ಎತ್ತಿದಳು.