ತಿದ್ದಲು ತೆರೆದಿಟ್ಟ ಪಾಠಗಳು

ಶುಶ್ರೂಷಾ ಶಿಕ್ಷಣದಲ್ಲಿ ಔಷಧ ಪ್ರಮಾಣದ ಲೆಕ್ಕವೆಂದರೆ ವಿದ್ಯಾರ್ಥಿನಿಯರ ಎದೆ ಡವಗುಟ್ಟಿಸುವ ವಿಷಯ. ಆ ಲೆಕ್ಕವನ್ನು ಚಿತ್ರಸಹಿತವಾಗಿ ಅಂತರಜಾಲದಲ್ಲಿ ಬರೆದಿಟ್ಟು, ಯಾರ ಅಪ್ಪಣೆಯೂ ಬೇಡದಂತೆ ಎಲ್ಲರ ಕೈಗೆಟುಕಿಸಿದ ಹಿರಿಮೆ ಮೂವತ್ತೊಂದು ವರ್ಷಗಳ ಸೇವೆಯ ನಂತರ ಈ ತಿಂಗಳು ನಿವೃತ್ತರಾಗುತ್ತಿರುವ ಉಪನ್ಯಾಸಕಿಯವರದು. ದಶಾಂಶ ಚುಕ್ಕಿಯ ಮೊದಲು ಸೊನ್ನೆ ಬರೆಯದವರ ಉತ್ತರವನ್ನು ಅವರು ಮುಂದಕ್ಕೆ ಓದುತ್ತಲೇ ಇರಲಿಲ್ಲವಾದ್ದರಿಂದ ‘ಚುಕ್ಕಿ ಮೇಡಂ’ ಎಂಬ ಬಿರುದು ಅವರಿಗೆ ಬಂದು, ನಿಜನಾಮವನ್ನು ಮೂಲೆಗೊತ್ತಿ ಕೂತುಬಿಟ್ಟಿತು.

ಏಳು ವರ್ಷ ವಾರ್ಡಿನಲ್ಲಿ ದುಡಿದು ಬೋಧನೆಗೆ ಬಂದವರು ಅವರು. ಎರಡು ಬಾರಿ ನಪಾಸಾದ ವಿದ್ಯಾರ್ಥಿನಿಯೊಬ್ಬಳನ್ನು ಕರೆದು, ಗ್ರಂಥಾಲಯದ ಪುಸ್ತಕವನ್ನೇಕೆ ಓದಲಿಲ್ಲವೆಂದು ಗದರಿದಾಗ ಅವಳು ಹೇಳಿದ್ದಿಷ್ಟೇ: “ಪುಸ್ತಕ ಬೀರುವಿನಿಂದ ಹೊರಗಿರೋ ಹೊತ್ತಿಗೆ ನಾನು ವಾರ್ಡಲ್ಲಿರ್ತೀನಿ ಮೇಡಂ. ನಾನು ಬರೋ ಹೊತ್ತಿಗೆ ಅದಕ್ಕೆ ಬೀಗ ಬಿದ್ದಿರುತ್ತೆ.”

ಇದ್ದದ್ದು ಒಂದೇ ಪ್ರತಿ. ಅದು ಓದುವ ಕೋಣೆಯಿಂದ ಹೊರಗೆ ಹೋಗುವಂತಿರಲಿಲ್ಲ. ಆ ವಾರವೇ ಮೇಡಂ ತಾವು ಒಂಬತ್ತು ವರ್ಷಗಳಿಂದ ತರಗತಿಯಲ್ಲಿ ಬರೆಸುತ್ತಿದ್ದ ಟಿಪ್ಪಣಿಗಳನ್ನು ಹರಡಿಕೊಂಡು ಕೂತರು. ಕಂಪ್ಯೂಟರ್ ವಿಭಾಗದ ಸಹೋದ್ಯೋಗಿಯಿಂದ ಅಕ್ಷರ ಜೋಡಿಸುವುದನ್ನು ಕಲಿತರು. ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ಸಿರಿಂಜು ಹಿಡಿದು ವಿಡಿಯೊ ಮಾಡಿದರು. ಫೋನು ಹಿಡಿಯುವ ಹೊಣೆ ಅತ್ತೆಯವರದು. “ಇನ್ನೆಷ್ಟು ಸಲ ಹೇಳ್ತೀಯೇ? ನಂಗೇ ಬಾಯಿಪಾಠ ಆಯ್ತು, ನಾಳೆಯಿಂದ ನಾನೇ ಸೂಜಿ ಚುಚ್ಚೋಕೆ ಹೋಗ್ತೀನಿ” ಎಂದು ಗೊಣಗಿದರೂ ಆ ಹಿರಿಯರ ಕೈ ಒಮ್ಮೆಯೂ ನಡುಗಲಿಲ್ಲ.

ಪ್ರತಿ ಪಾಠದ ಕೊನೆಗೂ ಒಂದು ಸಾಲಿತ್ತು: ಇದನ್ನು ಯಾರು ಬೇಕಾದರೂ ಓದಬಹುದು, ನಕಲು ಮಾಡಬಹುದು, ತಿದ್ದಬಹುದು, ಹಂಚಬಹುದು, ಮೂಲವನ್ನು ಹೇಳಿದರೆ ಸಾಕು. ‘ತಿದ್ದಬಹುದು’ ಎಂಬ ಮಾತು ಸಹೋದ್ಯೋಗಿಗಳಿಗೆ ಹಿಡಿಸಲಿಲ್ಲ. ಕಂಡಕಂಡವರೆಲ್ಲ ಮೇಷ್ಟರಾಗುತ್ತಾರೆಂದು ನಕ್ಕರು. ಮೇಡಂ ಸಾಲನ್ನು ಅಳಿಸಲಿಲ್ಲ.

ಎರಡು ವರ್ಷ ಕಳೆದ ಮೇಲೆ, ಅವರು ಎಂದೂ ಕಂಡಿರದ ದೂರದ ಆಸ್ಪತ್ರೆಯ ನರ್ಸೊಬ್ಬರಿಂದ ಸಂದೇಶ ಬಂತು: “ಮೇಡಂ, ತಪ್ಪು ತಿಳ್ಕೋಬೇಡಿ. ಹದಿನೇಳನೇ ಪಾಠ, ಮಗುವಿನ ಔಷಧದ ಲೆಕ್ಕ. ಉತ್ತರ 0.25 ಬರ್ಬೇಕು, 2.5 ಅಂತಿದೆ. ನಾನು ಮೂರು ಸಲ ಮಾಡಿ ನೋಡ್ದೆ.”

ಮೇಡಂ ನಾಲ್ಕು ಸಲ ಮಾಡಿ ನೋಡಿದರು. ನರ್ಸಿನ ಮಾತೇ ಸರಿ. ಹತ್ತು ಪಟ್ಟು ಹೆಚ್ಚು! ಹಳೆಯ ಟಿಪ್ಪಣಿ ತೆರೆದರೆ ಅಲ್ಲಿಯೂ ಅದೇ ತಪ್ಪು. ಅಂದರೆ ಹನ್ನೊಂದು ವರ್ಷಗಳಿಂದ ತಾವೇ ಬಾಯಾರೆ ಬರೆಸಿದ್ದು. ಲೆಕ್ಕವನ್ನು ಆಗಲೇ ತಿದ್ದಿ, ಪಾಠದ ತಲೆಯ ಮೇಲೆ, ಇಲ್ಲಿ ಇಂಥ ತಪ್ಪಿತ್ತು, ಇಂಥವರು ತೋರಿಸಿಕೊಟ್ಟರು ಎಂದು ಕೆಂಪಕ್ಷರದಲ್ಲಿ ಬರೆದರು. ಆಮೇಲೆ ಹಾಜರಿ ಪುಸ್ತಕಗಳನ್ನು ತೆಗೆದು, ಹಳೆಯ ವಿದ್ಯಾರ್ಥಿನಿಯರಿಗೆ ಒಬ್ಬೊಬ್ಬರಿಗೂ ಒಂಬತ್ತು ದಿನ ಫೋನು ಮಾಡಿದರು. ವಾರ್ಡುಗಳಲ್ಲಿ ಔಷಧವನ್ನು ಇಬ್ಬರು ಪರೀಕ್ಷಿಸುವ ಕ್ರಮವಿದ್ದುದರಿಂದ ಯಾವ ಮಗುವಿಗೂ ಅಪಾಯವಾದ ಸುದ್ದಿ ಸಿಗಲಿಲ್ಲ. ಆದರೆ ಒಬ್ಬಳ ಉತ್ತರ ಅವರ ಎದೆಗೆ ನಾಟಿತು: “ಆ ಲೆಕ್ಕ ನಂಗೂ ತಾಳೆ ಆಗಿರ್ಲಿಲ್ಲ ಮೇಡಂ. ನೀವು ಹೇಳಿದ್ದಲ್ವಾ ಅಂತ ಸುಮ್ನೆ ಬರ್ಕೊಂಡೆ.”

ಸುದ್ದಿ ಪ್ರಾಂಶುಪಾಲರ ಕಿವಿಗೆ ಬಿದ್ದು, ಆಡಳಿತ ಸಮಿತಿ ಸೇರಿತು. “ಸಂಸ್ಥೆ ಮರ್ಯಾದೆ ಪ್ರಶ್ನೆ. ಪಾಠಗಳನ್ನೆಲ್ಲ ತೆಗೆದುಬಿಡಿ ಮೇಡಂ” ಎಂದರು ಪ್ರಾಂಶುಪಾಲರು.

“ತೆಗೆಯೋಲ್ಲ ಸಾರ್. ಬಾಗಿಲು ಹಾಕ್ಕೊಂಡು ಹೇಳಿದಾಗ ಈ ತಪ್ಪು ಒಂಬತ್ತು ವರ್ಷ ಆರಾಮಾಗಿತ್ತು. ಹೊರಗಿಟ್ಟಿದ್ದಕ್ಕೆ ಸಿಕ್ಕಿಬಿತ್ತು.”

“ಆ ಕೆಂಪಕ್ಷರನಾದ್ರೂ ಅಳಿಸಿ.”

“ಅದನ್ನಂತೂ ಅಳಿಸೋಲ್ಲ.”

ಈ ಹಟಕ್ಕೆ ಅವರು ತೆತ್ತದ್ದು ಕಡಿಮೆಯೇನಲ್ಲ. ಎಚ್ಚರಿಕೆಯ ಪತ್ರ ಕೈಗೆ ಬಂತು. ಪಾಠಗಳಿಂದ ಸಂಸ್ಥೆಯ ಹೆಸರನ್ನು ತೆಗೆಸಲಾಯಿತು. ಸರದಿಯಲ್ಲಿ ಬರಬೇಕಿದ್ದ ವಿಭಾಗ ಮುಖ್ಯಸ್ಥೆಯ ಕುರ್ಚಿ ಕಿರಿಯರೊಬ್ಬರ ಪಾಲಾಯಿತು. ನೋವಾಗಲಿಲ್ಲವೆಂದರೆ ಸುಳ್ಳಾದೀತು, ಆ ಕೋಣೆಯ ಮುಂದೆ ಹಾಯಬಾರದೆಂದು ತಿಂಗಳುಗಟ್ಟಲೆ ಹಿಂದಿನ ಮೆಟ್ಟಿಲು ಹತ್ತಿದರು. ಆದರೂ ಮೇಲೆ ಹೋಗಿ ಕೂತು ಮುಂದಿನ, ಹದಿನೆಂಟನೆಯ ಪಾಠವನ್ನೇ ಕೈಗೆತ್ತಿಕೊಂಡರು.

ಇಂದು ಪಾಠಗಳು ನೂರ ನಲವತ್ತು. ಓದುಗರು ತೋರಿಸಿದ ತಿದ್ದುಪಡಿಗಳು ಮುನ್ನೂರಕ್ಕೂ ಹೆಚ್ಚು, ಎಲ್ಲವೂ ತಿದ್ದಿದವರ ಹೆಸರಿನೊಡನೆ. ಅಂದು ಸಂದೇಶ ಕಳಿಸಿದ ನರ್ಸು ಮಕ್ಕಳ ಔಷಧದ ಭಾಗವನ್ನು ಈಗ ತಾವೇ ಬರೆಯುತ್ತಾರೆ. ಅತ್ತೆಯವರು ಇಂದಿಲ್ಲ; ಹಳೆಯ ವಿಡಿಯೊಗಳಲ್ಲಿ ಅವರ ಗೊಣಗು ಅಲ್ಲಲ್ಲಿ ಕೇಳಿಸುತ್ತದೆ, ಸೊಸೆ ಅದನ್ನು ಕತ್ತರಿಸಿಲ್ಲ. ಸಂಸ್ಥೆಯಿಂದ ಕ್ಷಮೆಯ ಮಾತು ಬಂದಿಲ್ಲವಾದರೂ, ಮೊದಲ ವರ್ಷದವರ ವೇಳಾಪಟ್ಟಿಯಲ್ಲಿ ಆ ಪಾಠಗಳ ವಿಳಾಸ ಸದ್ದಿಲ್ಲದೆ ಅಚ್ಚಾಗಿದೆ.

ಕಳೆದ ವಾರ, ಅವರ ಕೊನೆಯ ತರಗತಿಯಲ್ಲಿ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಎರಡನೇ ಸಾಲು ತಪ್ಪಿದೆ ಮೇಡಂ” ಎಂದಳು. ಸಾಲು ಸರಿಯಾಗಿಯೇ ಇತ್ತು. ಮೇಡಂ ಅವಳ ಕೈಗೆ ಸೀಮೆಸುಣ್ಣ ಕೊಟ್ಟು, ಅವಳು ಲೆಕ್ಕವನ್ನು ಮೊದಲಿನಿಂದ ಮಾಡಿ ತನ್ನ ತಪ್ಪನ್ನು ತಾನೇ ಕಾಣುವವರೆಗೂ ಪಕ್ಕದಲ್ಲಿ ನಿಂತರು. ಹುಡುಗಿ ನಾಚಿ ತಲೆ ತಗ್ಗಿಸಿದಾಗ ಹೇಳಿದರು: “ತಲೆ ಎತ್ತಮ್ಮ. ನಾಳೆ ಡಾಕ್ಟರ್ ಬರೆದಿದ್ರೂ ಹೀಗೇ ಎದ್ದು ಕೇಳ್ಬೇಕು.”

ನೂರ ನಲವತ್ತೊಂದನೆಯ ಪಾಠ ಅರ್ಧವಾಗಿದೆಯಂತೆ. ಅದನ್ನೂ ಅದರ ಮುಂದಿನವುಗಳನ್ನೂ ಬರೆಯಲು ಅವರಿಗೆ ಗಟ್ಟಿ ಆರೋಗ್ಯವೂ ತುಂಬು ಆಯುಷ್ಯವೂ ಇರಲಿ. ತಪ್ಪಿದಲ್ಲಿ ತಪ್ಪೆಂದು ಹೇಳುವ ಓದುಗರು ಅವರಿಗೆ ಎಂದೆಂದೂ ಕಡಿಮೆಯಾಗದಿರಲಿ.